ಯಲಹಂಕದ ಏರ್ ಶೋಗೆ ಹೋಗಬೇಕಾ, ಬೇಡವಾ? ಸೋಂಕಿನ ಕಾಲದಲ್ಲಿ ಲೆಕ್ಕ ಹಾಕುವ ಬಗೆ

2021ರ ಜನವರಿ ಕೊನೆ. ವಿದ್ಯಾರಣ್ಯಪುರದ ನಮ್ಮ ಟೆರೇಸಿನಲ್ಲಿ ಬಟ್ಟೆ ಒಣಗಹಾಕುತ್ತಿದ್ದೆ. ತಲೆ ಮೇಲೆ ಗುಡುಗಿದ ಹಾಗಾಯಿತು. ಕತ್ತೆತ್ತಿದರೆ ತೇಜಸ್ ಯುದ್ಧವಿಮಾನ. ಎರಡು ವರ್ಷಕ್ಕೊಮ್ಮೆ ಯಲಹಂಕದ ವಾಯುನೆಲೆಯಲ್ಲಿ ನಡೆಯುವ ವಿಮಾನ ಮೇಳ ಏರೋ ಇಂಡಿಯಾದ ಅಭ್ಯಾಸ ಶುರುವಾಗಿತ್ತು. ಒದ್ದೆ ಟವೆಲ್ ಕೈಯಲ್ಲಿ ಹಾಗೇ ಹಿಡಿದುಕೊಂಡು ನಿಂತುಬಿಟ್ಟೆ. ಕೆಳಗೆ ಅಮ್ಮ ಕೂಗಿದರು: "ಈ ಸಲಾನೂ ಹೋಗ್ತೀಯೇನೋ?"

ಆ ಪ್ರಶ್ನೆಗೆ ಉತ್ತರ ಹುಡುಕೋಕೆ ನನಗೆ ಒಂದು ವಾರ ಹಿಡಿಯಿತು. ಆ ವಾರದಲ್ಲಿ ಕಲಿತದ್ದು, ಆಮೇಲೆ ತಪ್ಪು ಮಾಡಿ ಕಲಿತದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಕೋವಿಡ್ ಮತ್ತೆ ಜಾಸ್ತಿ ಆಗಲಿ, ಬೇರೆ ಯಾವುದೋ ಉಸಿರಾಟದ ಸೋಂಕು ಬರಲಿ, ಬೆಸ ಸಂಖ್ಯೆಯ ವರ್ಷದ ಫೆಬ್ರವರಿ ಬಂದರೆ ಯಲಹಂಕ ನಮ್ಮಂಥವರನ್ನು ಕರೆಯುತ್ತದೆ. ಆಗ ಈ ಲೆಕ್ಕ ಬೇಕಾಗಬಹುದು. ನಾನು ಡಾಕ್ಟರ್ ಅಲ್ಲ, ವಿಮಾನದ ಹುಚ್ಚಿರುವ ಒಬ್ಬ ಬೆಂಗಳೂರಿಗ. ನಿಮಗೆ ಕಾಯಿಲೆ ಇದ್ದರೆ ನಿಮ್ಮ ಡಾಕ್ಟರ್ ಮಾತೇ ಕೊನೆಯ ಮಾತು.

ಹೆಜ್ಜೆ 1: ಯಾಕೆ ಹೋಗಬೇಕು ಅಂತ ಒಂದು ಸಾಲಿನಲ್ಲಿ ಬರೆಯಿರಿ

ನಿಜವಾಗಿ ಬರೆಯಿರಿ. ಕ್ಯಾಲೆಂಡರಿನ ಹಿಂದೆ ಆದರೂ ಸರಿ.

ಪೀಣ್ಯದಲ್ಲಿ ವಿಮಾನದ ಬಿಡಿಭಾಗ ಮಾಡಿಕೊಡುವ ಸಣ್ಣ ವರ್ಕ್‌ಶಾಪ್ ನಡೆಸುವವರಿಗೆ ಈ ಮೂರೋ ಐದೋ ದಿನ ಅಂದರೆ ಎರಡು ವರ್ಷದ ಆರ್ಡರ್ ಹುಡುಕುವ ಸಂತೆ. ಏರೋನಾಟಿಕಲ್ ಓದುತ್ತಿರುವ ಹುಡುಗಿಗೆ ಅದು ಕೆಲಸದ ದಾರಿ. ನನ್ನಂಥವನಿಗೆ ಅದು ಜಾತ್ರೆ. ಮೂರೂ ಒಳ್ಳೆಯ ಕಾರಣಗಳೇ. ಆದರೆ ಮೂರಕ್ಕೂ ಒಂದೇ ಬೆಲೆ ಅಲ್ಲ.

ಬರೆದ ಮೇಲೆ ಕೇಳಿಕೊಳ್ಳಿ: ಇದು ಬೇರೆ ರೀತಿಯಲ್ಲಿ ಸಿಗುತ್ತದಾ? ನಾಲ್ಕು ಜನ ಗಿರಾಕಿಗಳನ್ನು ನೋಡುವುದಷ್ಟೇ ಕೆಲಸವಾಗಿದ್ದರೆ ಊರಲ್ಲಿ ಯಾವುದಾದರೂ ತೆರೆದ ಜಾಗದಲ್ಲಿ, ಮರದ ಕೆಳಗೆ ಕೂತು ಮಾತಾಡಬಹುದು. ವಾಯುಪಡೆಯ ಸೂರ್ಯಕಿರಣ ವಿಮಾನ ತಂಡದ ಕಸರತ್ತು ನೋಡುವುದಾಗಿದ್ದರೆ ಉತ್ತರ ಬೆಂಗಳೂರಿನ ಅರ್ಧ ಊರಿಗೆ ಅದು ಪುಕ್ಕಟೆ ಕಾಣುತ್ತದೆ. ಯುದ್ಧವಿಮಾನದ ರೆಕ್ಕೆಯ ಕೆಳಗೆ ನಿಂತು ಮಗಳಿಗೆ ತೋರಿಸಬೇಕು ಅನ್ನುವುದಾದರೆ ಮಾತ್ರ ಒಳಗೇ ಹೋಗಬೇಕು. ನನ್ನ ಸಾಲು ಹೀಗಿತ್ತು: "ಪ್ರತಿ ಸಲ ಹೋಗ್ತೀನಿ, ಅದಕ್ಕೇ." ಬರೆದು ನೋಡಿದಾಗ ಸ್ವಲ್ಪ ನಾಚಿಕೆಯಾಯಿತು.

ಹೆಜ್ಜೆ 2: ಯಾರ ಮನೆಗೆ ವಾಪಸ್ ಬರ್ತೀರಿ ಅನ್ನೋದನ್ನು ನೋಡಿ

ಎಲ್ಲರೂ "ನನಗೆ ಬಂದರೆ ಏನಾಗುತ್ತೆ" ಅಂತ ಲೆಕ್ಕ ಹಾಕುತ್ತಾರೆ. ಆ ಲೆಕ್ಕ ಸುಲಭ. ಮೂವತ್ತರ ಹರೆಯ, ಗಟ್ಟಿ ಆರೋಗ್ಯ, ಲಸಿಕೆ ಆಗಿದೆ ಅಂದರೆ ಬಹುಪಾಲು ಜನರಿಗೆ ನಾಲ್ಕು ದಿನದ ಜ್ವರದಲ್ಲಿ ಮುಗಿಯಬಹುದು. ಕಷ್ಟದ ಲೆಕ್ಕ ಇರುವುದು ಮನೆ ಬಾಗಿಲಿನ ಒಳಗೆ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ ಅನ್ನುತ್ತಾರಲ್ಲ, ಅದು ಸರಿಯಾಗಿ ಇಲ್ಲಿಗೇ ಹೇಳಿದ ಮಾತು.

ಒಂದು ಹಾಳೆ ತಗೊಂಡು ಮುಂದಿನ ಹತ್ತು ದಿನದಲ್ಲಿ ನೀವು ಹತ್ತಿರ ಕೂತು ಮಾತಾಡುವವರ ಹೆಸರನ್ನೆಲ್ಲಾ ಬರೆಯಿರಿ. 60 ದಾಟಿದವರು ಯಾರು? ಸಕ್ಕರೆ ಕಾಯಿಲೆ, ಹೃದಯದ ತೊಂದರೆ, ಕಿಡ್ನಿ ತೊಂದರೆ ಯಾರಿಗಿದೆ? ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇರುವವರು, ಅಂಗಾಂಗ ಕಸಿ ಆದವರು, ಬಸುರಿಯರು ಯಾರಾದರೂ ಇದ್ದಾರಾ? ಮನೆಗೆಲಸಕ್ಕೆ ಬರುವ ಅಕ್ಕನ ಹೆಸರನ್ನೂ ಬರೆಯಿರಿ. ಅವರ ಮನೆಯಲ್ಲೂ ಒಬ್ಬರು ಅಜ್ಜಿ ಇರುತ್ತಾರೆ, ಅವರಿಗೆ ರಜೆ ಹಾಕಿದರೆ ಸಂಬಳ ಕಟ್ ಆಗುವ ಮನೆಗಳೂ ಇರುತ್ತವೆ.

ಅದೇ ಹಾಳೆಯ ಕೆಳಗೆ ಆ ಹತ್ತು ದಿನದಲ್ಲಿ ಏನೇನಿದೆ ಅಂತ ಬರೆಯಿರಿ. ಫೆಬ್ರವರಿ ಅಂದರೆ ಮದುವೆ ಸೀಸನ್. ಪಿಯುಸಿ ಮಕ್ಕಳ ಪರೀಕ್ಷೆ ಹತ್ತಿರ. ಅತ್ತೆಯವರ ಕಣ್ಣಿನ ಆಪರೇಷನ್ ದಿನ ಗೊತ್ತಾಗಿರಬಹುದು. ಇವುಗಳಲ್ಲಿ ಒಂದಿದ್ದರೂ ನಾನಾದರೆ ಅಲ್ಲಿಗೇ ನಿಲ್ಲಿಸಿ, ಉಳಿದ ಹೆಜ್ಜೆಗಳನ್ನು ಓದುವ ಕಷ್ಟವನ್ನೇ ತಗೊಳ್ಳುವುದಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಹಿರಿಯರನ್ನು ನೇರವಾಗಿ "ಹೋಗ್ಲಾ?" ಅಂತ ಕೇಳಬೇಡಿ. ಅವರು ಬೇಡ ಅನ್ನುವುದೇ ಇಲ್ಲ. ನಮ್ಮ ಅಮ್ಮನಿಗೆ ಆಗ 71, ಇಪ್ಪತ್ತು ವರ್ಷದ ಶುಗರ್. ಕೇಳಿದ್ದಕ್ಕೆ "ಹೋಗ್ಬಾರಪ್ಪ, ನಂಗೇನಾಗುತ್ತೆ" ಅಂದುಬಿಟ್ಟರು. ಎರಡು ದಿನ ಬಿಟ್ಟು ಪ್ರಶ್ನೆ ಬದಲಿಸಿದೆ: "ನಾನು ಹೋಗಿಬಂದ ಮೇಲೆ ಹತ್ತು ದಿನ ನೀನು ಬೇರೆ ರೂಮಲ್ಲಿ ಊಟ ಮಾಡಬೇಕಾಗುತ್ತೆ, ಪರವಾಗಿಲ್ವಾ?" ಅಮ್ಮನ ಮುಖ ಸಪ್ಪೆಯಾಯಿತು. "ಹಂಗಾದ್ರೆ ಸಂಜೆ ಮೊಮ್ಮಗಳ ಜೊತೆ ಚೌಕಾಬಾರ ಆಡೋ ಹಂಗಿಲ್ವಾ?" ಆ ಚೌಕಾಬಾರದ ಮುಂದೆ ನನ್ನ ತೇಜಸ್ ಅರ್ಧ ಸೋತಿತ್ತು.

ಹೆಜ್ಜೆ 3: ಇವತ್ತಿನ ಸಂಖ್ಯೆ ನೋಡಬೇಡಿ, ಅದು ಯಾವ ಕಡೆಗೆ ಹೊರಟಿದೆ ನೋಡಿ

2021ರ ಫೆಬ್ರವರಿ ಮೊದಲ ವಾರ ದೇಶದಲ್ಲಿ ದಿನಕ್ಕೆ ಸುಮಾರು 12 ಸಾವಿರ ಹೊಸ ಪ್ರಕರಣ ಬರುತ್ತಿತ್ತು. ಹಿಂದಿನ ಸೆಪ್ಟೆಂಬರಿನಲ್ಲಿ ಅದು 90 ಸಾವಿರ ದಾಟಿತ್ತು. ಎಲ್ಲರಿಗೂ "ಮುಗೀತು" ಅನ್ನಿಸಿತ್ತು. ಮೂರು ತಿಂಗಳು ಬಿಟ್ಟು, ಮೇ ಮೊದಲ ವಾರದಲ್ಲಿ ಅದೇ ಸಂಖ್ಯೆ 4 ಲಕ್ಷ ದಾಟಿತು. ಬೆಂಗಳೂರಿನಲ್ಲಿ ಆಗ ಹಾಸಿಗೆಗಾಗಿ ಫೋನ್ ಹಿಡಿದು ರಾತ್ರಿ ಕಳೆದವರು ಇದನ್ನು ಓದುತ್ತಿದ್ದರೆ ನಾನು ಜಾಸ್ತಿ ಹೇಳಬೇಕಾಗಿಲ್ಲ.

ಏರ್ ಶೋದಿಂದ ಎರಡನೇ ಅಲೆ ಬಂತು ಅಂತ ನಾನು ಹೇಳುತ್ತಿಲ್ಲ. ಒಂದು ದಿನದ ಸಂಖ್ಯೆ ಮುಂದಿನದನ್ನು ಹೇಳುವುದಿಲ್ಲ ಅಂತಷ್ಟೇ. ಇವತ್ತು ಪತ್ರಿಕೆಯಲ್ಲಿ ಬಂದ ಸಂಖ್ಯೆ, ಒಂದು ವಾರಕ್ಕೂ ಹಿಂದೆ ಯಾರಿಗೋ ತಗುಲಿದ ಸೋಂಕು. ಸೋಂಕು ತಗುಲಿ ಲಕ್ಷಣ ಕಾಣೋಕೆ ಸರಾಸರಿ ಐದು ದಿನ ಆಗ ಬೇಕಿತ್ತು. ಕೆಲವರಿಗೆ ಎರಡೇ ದಿನ, ಕೆಲವರಿಗೆ ಹದಿನಾಲ್ಕು. ಆಮೇಲೆ ಟೆಸ್ಟ್, ಆಮೇಲೆ ರಿಪೋರ್ಟ್, ಆಮೇಲೆ ಪತ್ರಿಕೆ.

ಆದ್ದರಿಂದ ನಾನು ಈಗ ನೋಡುವುದು ಮೂರನ್ನು. ಮೂರು ವಾರದಲ್ಲಿ ಸಂಖ್ಯೆ ಏರುತ್ತಿದೆಯಾ, ಇಳಿಯುತ್ತಿದೆಯಾ. ನೂರು ಟೆಸ್ಟ್ ಮಾಡಿದರೆ ಎಷ್ಟು ಪಾಸಿಟಿವ್ ಬರುತ್ತಿದೆ, ಮತ್ತು ಆ ಪ್ರಮಾಣ ವಾರದಿಂದ ವಾರಕ್ಕೆ ಏರುತ್ತಿದೆಯಾ. ಆಸ್ಪತ್ರೆಯಲ್ಲಿ ಜನ ಜಾಸ್ತಿ ಆಗುತ್ತಿದ್ದಾರಾ. ಟೆಸ್ಟೇ ಕಡಿಮೆ ಮಾಡಿದರೆ ಮೊದಲನೆಯದು ಸುಳ್ಳು ಹೇಳುತ್ತದೆ, ಮೂರನೆಯದು ಹೇಳುವುದಿಲ್ಲ.

ಹೊಸ ರೂಪಾಂತರ ಬಂದಿದೆ ಅಂತ ಸುದ್ದಿ ಬಂದರೆ ಹಳೆಯ ಲೆಕ್ಕವನ್ನು ಹರಿದು ಹಾಕಿ. 2021ರ ನವೆಂಬರ್ 26ರಂದು ವಿಶ್ವ ಆರೋಗ್ಯ ಸಂಸ್ಥೆ ಒಮಿಕ್ರಾನ್‌ಗೆ ಹೆಸರಿಟ್ಟಿತು. ಒಂದು ವಾರದೊಳಗೆ, ಡಿಸೆಂಬರ್ 2ಕ್ಕೆ, ದೇಶದ ಮೊದಲ ಎರಡು ಪ್ರಕರಣ ಪತ್ತೆಯಾದದ್ದು ನಮ್ಮ ಕರ್ನಾಟಕದಲ್ಲೇ.

ಹೆಜ್ಜೆ 4: ನಡೆಸುವವರ ನಿರ್ಧಾರ ಬೇರೆ, ನಿಮ್ಮದು ಬೇರೆ

"ಸರ್ಕಾರವೇ ನಡೆಸುತ್ತಿದೆ ಅಂದಮೇಲೆ ಏನೂ ಆಗಲ್ಲ ಬಿಡಿ" ಅಂತ ನನ್ನ ಭಾವಮೈದುನ ಹೇಳಿದ್ದ. ಈ ಮಾತು ಕೇಳೋಕೆ ಚೆನ್ನಾಗಿದೆ, ಆದರೆ ಅದರಲ್ಲಿ ಹುರುಳಿಲ್ಲ.

ಆ ಎರಡು ವರ್ಷದಲ್ಲಿ ಜಗತ್ತಿನ ದೊಡ್ಡ ವಿಮಾನ ಮೇಳಗಳು ಒಂದೊಂದು ದಾರಿ ಹಿಡಿದವು. 2020ರ ಫೆಬ್ರವರಿಯಲ್ಲಿ ಸಿಂಗಪುರದ ಮೇಳ ನಡೆಯಿತು, ಆದರೆ 70ಕ್ಕೂ ಹೆಚ್ಚು ಕಂಪನಿಗಳು ಬರುವುದಿಲ್ಲ ಅಂದವು. ಮಾರ್ಚಿನಲ್ಲಿ ಹೈದರಾಬಾದಿನ ಬೇಗಂಪೇಟೆಯ ಮೇಳ ವ್ಯಾಪಾರದವರಿಗೆ ಮಾತ್ರ ಅಂತ ಆಯಿತು. ಅದೇ ತಿಂಗಳು ಇಂಗ್ಲೆಂಡಿನ ಫಾರ್ನ್‌ಬರೋ ಜುಲೈ ಮೇಳವನ್ನು ರದ್ದು ಮಾಡಿತು. ಅಮೆರಿಕದ ಆಶ್‌ಕಾಶ್‌ನಲ್ಲಿ 2019ರಲ್ಲಿ 6 ಲಕ್ಷಕ್ಕೂ ಹೆಚ್ಚು ಜನ ಸೇರಿದ್ದರು; 2020ರದ್ದು ರದ್ದು, 2021ರ ಜುಲೈನಲ್ಲಿ ಮತ್ತೆ ನಡೆಯಿತು. 2021ರ ಜೂನ್‌ನಲ್ಲಿ ಆಗಬೇಕಿದ್ದ ಪ್ಯಾರಿಸ್ ಮೇಳವನ್ನು ಆರು ತಿಂಗಳ ಮುಂಚೆಯೇ ಕೈಬಿಟ್ಟರು. ನಮ್ಮ ಯಲಹಂಕದಲ್ಲಿ ಐದು ದಿನದ್ದನ್ನು ಮೂರಕ್ಕೆ ಇಳಿಸಿ, ಫೆಬ್ರವರಿ 3ರಿಂದ 5ರವರೆಗೆ ನಡೆಸಿದರು. ಅರ್ಧ ನೆಲದಲ್ಲಿ, ಅರ್ಧ ಆನ್‌ಲೈನ್‌ನಲ್ಲಿ. ಒಳಗೆ ಬಿಡೋಕೆ ಆರ್‌ಟಿ-ಪಿಸಿಆರ್ ನೆಗೆಟಿವ್ ರಿಪೋರ್ಟ್ ಕೇಳಿದರು.

ನಡೆಸುವವರ ಲೆಕ್ಕದಲ್ಲಿ ಒಪ್ಪಂದಗಳಿವೆ. ಆ ಸಲ 83 ತೇಜಸ್ ವಿಮಾನಗಳ 48 ಸಾವಿರ ಕೋಟಿ ರೂಪಾಯಿಯ ಒಪ್ಪಂದವನ್ನು ಅಲ್ಲೇ ವಿಮಾನ ತಯಾರಿಸುವ ಎಚ್‌ಎಎಲ್ ಕೈಗಿತ್ತರು. ದೇಶದ ಮಾನ, ವ್ಯಾಪಾರ, ಇನ್ನೂ ಏನೇನೋ ಇದೆ. ಅದು ತಪ್ಪೇನಲ್ಲ. ಆದರೆ ಆ ಲೆಕ್ಕದ ಪುಸ್ತಕದಲ್ಲಿ ನಮ್ಮ ಅಮ್ಮನ ಶುಗರ್‌ಗೆ ಒಂದು ಕಾಲಂ ಇಲ್ಲ.

ಹಾಗಂತ ಅವರ ನಿಯಮಗಳನ್ನು ಓದದೆ ಬಿಡಬೇಡಿ. ನಿಯಮ ನೋಡಿದರೆ ಒಳಗೆ ಹೇಗಿರುತ್ತದೆ ಅಂತ ಗೊತ್ತಾಗುತ್ತದೆ. ಜನರ ಸಂಖ್ಯೆಗೆ ಮಿತಿ ಇದೆಯಾ? ಹಾಲ್‌ಗಳಿಗೆ ಎಲ್ಲರಿಗೂ ಪ್ರವೇಶವಾ? ಮಾಸ್ಕ್ ಬೇಕು ಅಂತ ಬರೆದಿದ್ದಾರಾ, ಅಥವಾ "ದಯವಿಟ್ಟು ಧರಿಸಿ" ಅಂತ ಬರೆದಿದ್ದಾರಾ? ಎರಡಕ್ಕೂ ತುಂಬಾ ವ್ಯತ್ಯಾಸ.

ನೆಗೆಟಿವ್ ರಿಪೋರ್ಟಿನ ಬಗ್ಗೆ ಒಂದು ಮಾತು. ಅದನ್ನು ಸಿನಿಮಾ ಟಿಕೆಟ್ ಹಾಗೆ ಹಿಡಿದುಕೊಂಡು ಓಡಾಡುವವರನ್ನು ನೋಡಿದ್ದೇನೆ. ಸೋಂಕು ತಗುಲಿದ ಮೊದಲ ಒಂದೆರಡು ದಿನ ಟೆಸ್ಟಿಗೆ ಸಿಗದೇ ಹೋಗಬಹುದು. 72 ಗಂಟೆ ಹಿಂದೆ ಮೂಗಿಗೆ ಕಡ್ಡಿ ಹಾಕಿಸಿಕೊಂಡವರು ಇವತ್ತು ಸೋಂಕು ಹಂಚುತ್ತಿರಬಹುದು. ಅದು ಜರಡಿ, ಗೋಡೆಯಲ್ಲ. ಲಸಿಕೆಯೂ ಹಾಗೇ: ಆಸ್ಪತ್ರೆ ಸೇರುವುದನ್ನು, ಸಾವನ್ನು ಚೆನ್ನಾಗಿ ತಡೆಯುತ್ತದೆ, ಸೋಂಕನ್ನು ಅಷ್ಟಾಗಿ ತಡೆಯುವುದಿಲ್ಲ. ಡೋಸ್ ತಗೊಂಡು ಎರಡು ವಾರವಾದರೂ ಆಗಿರಬೇಕು. 2021ರ ಆ ಫೆಬ್ರವರಿಯಲ್ಲಿ ಲಸಿಕೆ ಶುರುವಾಗಿ ಮೂರು ವಾರವಷ್ಟೇ ಆಗಿತ್ತು, ಅದೂ ಆಸ್ಪತ್ರೆ ಸಿಬ್ಬಂದಿಯಿಂದ. ನೋಡಲು ಬಂದ ನಮ್ಮಂಥವರಿಗೆ ಅದು ಇರಲೇ ಇಲ್ಲ.

ಹೆಜ್ಜೆ 5: ದಿನವನ್ನು ತುಂಡು ತುಂಡು ಮಾಡಿ

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. "ಬಯಲಿನ ಕಾರ್ಯಕ್ರಮ, ಗಾಳಿ ಇದೆ, ಭಯ ಇಲ್ಲ" ಅಂತ ಎಲ್ಲರೂ ಹೇಳುತ್ತಾರೆ. ಬಯಲಿನಲ್ಲಿ ಅಪಾಯ ಕಡಿಮೆ ಅನ್ನುವುದು ನಿಜ. ಆದರೆ ಏರ್ ಶೋ ಅಂದರೆ ಬಯಲು ಮಾತ್ರ ಅಲ್ಲ. ಆ ಬಯಲನ್ನು ತಲುಪುವ ದಾರಿಯೂ ಅದರಲ್ಲೇ ಸೇರಿದೆ. ಬೆಳಗ್ಗೆ ಬಾಗಿಲು ಹಾಕಿದಾಗಿನಿಂದ ರಾತ್ರಿ ಬಾಗಿಲು ತೆರೆಯುವವರೆಗೆ ಒಂದೊಂದು ತುಂಡನ್ನೂ ಬೇರೆ ಬೇರೆ ನೋಡಿ.

ಮೊದಲ ತುಂಡು ಪ್ರಯಾಣ. ಬಳ್ಳಾರಿ ರಸ್ತೆ ಆ ದಿನಗಳಲ್ಲಿ ಹೇಗಿರುತ್ತದೆ ಅಂತ ಹೆಬ್ಬಾಳದ ಫ್ಲೈಓವರ್ ಕಂಡವರಿಗೆ ಹೇಳಬೇಕಾಗಿಲ್ಲ. ನಿಮ್ಮ ಮನೆಯವರ ಜೊತೆ ನಿಮ್ಮದೇ ಕಾರಿನಲ್ಲಿ ಎರಡು ಗಂಟೆ ಕೂತರೆ ಹೊಸ ಅಪಾಯ ಇಲ್ಲ. ಆಫೀಸಿನ ಮೂವರನ್ನು ಹತ್ತಿಸಿಕೊಂಡು, ಗಾಜು ಏರಿಸಿ, ಎಸಿ ಹಾಕಿ ಎರಡು ಗಂಟೆ ಕೂತರೆ, ಇಡೀ ದಿನದ ಅಪಾಯದ ದೊಡ್ಡ ಪಾಲು ಗೇಟ್ ತಲುಪುವ ಮೊದಲೇ ಮುಗಿದಿರುತ್ತದೆ. ಕಿಟಕಿ ಇಳಿಸಿ. ಧೂಳು ಬರುತ್ತದೆ, ಬರಲಿ.

ಆಮೇಲೆ ಶಟಲ್ ಬಸ್. ಕಾರನ್ನು ಜಿಕೆವಿಕೆ ಅಥವಾ ಜಕ್ಕೂರಿನ ಕಡೆ ನಿಲ್ಲಿಸಿ ಬಿಎಂಟಿಸಿ ಬಸ್ಸಿನಲ್ಲಿ ಹೋಗಿ ಅಂತ ಈಚಿನ ವರ್ಷಗಳಲ್ಲಿ ವ್ಯವಸ್ಥೆ ಮಾಡುತ್ತಾರೆ. ಸಾಮಾನ್ಯ ಕಾಲದಲ್ಲಿ ಅದಕ್ಕಿಂತ ಒಳ್ಳೆಯದಿಲ್ಲ. ಸೋಂಕಿನ ಕಾಲದಲ್ಲಿ ಗಾಜು ಮುಚ್ಚಿದ ಎಸಿ ಬಸ್ಸಿನ ಆ ಇಪ್ಪತ್ತು ನಿಮಿಷಕ್ಕೇ ನಿಮ್ಮ ಅತ್ಯುತ್ತಮ ಮಾಸ್ಕ್ ಮೀಸಲು. ತುಂಬಿದ ಬಸ್ ಬಿಟ್ಟು ಮುಂದಿನದಕ್ಕೆ ಕಾಯುವ ತಾಳ್ಮೆ ಇಲ್ಲದಿದ್ದರೆ ಇಡೀ ಯೋಜನೆಯನ್ನೇ ಬಿಡಿ. ನಿಮ್ಮ ಪಾರ್ಕಿಂಗ್ ಪಾಸ್ ಇದ್ದರೆ ಒಳ್ಳೆಯದೇ. ಆದರೆ ಒಣಹುಲ್ಲಿನ ಮೇಲೆ ಬಿಸಿ ಕಾರು ನಿಲ್ಲಿಸಬೇಡಿ. 2019ರ ಫೆಬ್ರವರಿ 23ರಂದು ಅಲ್ಲಿನ ಪಾರ್ಕಿಂಗ್ ಬಯಲಿಗೆ ಬೆಂಕಿ ಬಿದ್ದು ಸುಮಾರು 300 ಕಾರು ಸುಟ್ಟುಹೋದವು. ಸೋಂಕಿಗೂ ಇದಕ್ಕೂ ಸಂಬಂಧ ಇಲ್ಲ, ಆದರೂ ಹೇಳದೆ ಇರೋಕೆ ಆಗಲಿಲ್ಲ.

ಮೂರನೆಯದು ತಪಾಸಣೆಯ ಸಾಲು. ಇದು ವಾಯುಪಡೆಯ ನೆಲೆ, ಸುಮ್ನೆ ಬಿಡುವುದಿಲ್ಲ. ಸಾಲು ಉದ್ದ, ಮೇಲೆ ಶಾಮಿಯಾನ, ಹಿಂದಿನವರ ಬ್ಯಾಗ್ ನಿಮ್ಮ ಬೆನ್ನಿಗೆ. ಬೇಗ ಹೋದರೆ ಸಾಲು ಚಿಕ್ಕದು. ಗೇಟ್ ತೆರೆಯುವ ಹೊತ್ತಿಗೆ ಅಲ್ಲಿರಿ.

ಇನ್ನು ಬಯಲು, ಟಿಕೆಟ್ ಮೇಲೆ ಎ.ಡಿ.ವಿ.ಎ. ಅಂತ ಬರೆದಿರುವ, ನಿಂತು ವಿಮಾನದ ಹಾರಾಟ ನೋಡುವ ಜಾಗ. ಬೆಳಗ್ಗೆ ತಣ್ಣಗಿರುತ್ತದೆ, ಜನ ಹರಡಿಕೊಂಡಿರುತ್ತಾರೆ, ಗಾಳಿ ಬೀಸುತ್ತದೆ. ಹನ್ನೊಂದರ ಮೇಲೆ ಬಿಸಿಲು ಚುರುಕಾಗುತ್ತದೆ. ಆಗ ಏನಾಗುತ್ತದೆ ನೋಡಿ: ಎಲ್ಲರೂ ಇರುವ ನಾಲ್ಕು ನೆರಳಿನ ಕಡೆಗೆ ಸರಿಯುತ್ತಾರೆ. ಬಯಲು ಖಾಲಿ, ನೆರಳು ಸಂತೆ. ಛತ್ರಿಗೆ ಅನುಮತಿ ಇದ್ದರೆ ಛತ್ರಿ, ಇಲ್ಲದಿದ್ದರೆ ಅಗಲ ಅಂಚಿನ ಟೋಪಿ. ನಿಮ್ಮ ನೆರಳನ್ನು ನೀವೇ ಹೊತ್ತುಕೊಂಡು ಹೋದರೆ ಗುಂಪಿಗೆ ಸೇರಬೇಕಾಗಿಲ್ಲ.

ಇನ್ನೊಂದು ವಿಷಯ ಅಲ್ಲಿಗೆ ಹೋದವರಿಗೆ ಮಾತ್ರ ಗೊತ್ತು. ಯುದ್ಧವಿಮಾನ ಸದ್ದು ಮಾಡುವಾಗ ಪಕ್ಕದವರ ಮಾತು ಕೇಳಿಸುವುದಿಲ್ಲ. ಆಗ ಜನ ಕಿವಿಯ ಹತ್ತಿರ ಬಾಯಿಟ್ಟು ಕಿರುಚುತ್ತಾರೆ. ಮಾಸ್ಕ್ ಇದ್ದರೆ ಅದನ್ನು ಕೆಳಗೆ ಎಳೆದು ಕಿರುಚುತ್ತಾರೆ. ಕೂಗಿದಾಗ ಬಾಯಿಂದ ಹೊರಬೀಳುವ ಕಣಗಳು ಸುಮ್ಮನೆ ಉಸಿರಾಡಿದಾಗಿನದಕ್ಕಿಂತ ತುಂಬಾ ಜಾಸ್ತಿ. ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ, ಕೈಸನ್ನೆ ಮಾಡಿ, ವಿಮಾನ ಹೋದ ಮೇಲೆ ಮಾತಾಡಿ. ಅದು ಯಾವ ವಿಮಾನ ಅಂತ ಅಪರಿಚಿತರಿಗೆ ವಿವರಿಸುವ ಚಟ ನನಗಿದೆ. ಅಂಥವರು ಬಾಯಿಗೆ ಬೀಗ ಹಾಕಿಕೊಳ್ಳಬೇಕು.

ಆಮೇಲೆ ಹಾಲ್‌ಗಳು. ಸಾವಿರಾರು ಜನ, ಎಸಿ, ಮುಚ್ಚಿದ ಬಾಗಿಲು, ಕೈಕುಲುಕಾಟ, ಪುಕ್ಕಟೆ ಪೆನ್ನು, ಪುಕ್ಕಟೆ ಕಾಫಿ. ಕೆಲಸಕ್ಕೆ ಬಂದವರು ಇಲ್ಲಿಂದ ತಪ್ಪಿಸಿಕೊಳ್ಳುವ ಹಾಗಿಲ್ಲ. ಹಾಗಾದರೆ ನೋಡಬೇಕಾದ ಮಳಿಗೆಗಳ ಪಟ್ಟಿ ಮೊದಲೇ ಮಾಡಿಕೊಂಡು, ಬೆಳಗ್ಗೆ ಬಾಗಿಲು ತೆರೆದ ಮೊದಲ ಗಂಟೆಯಲ್ಲಿ ಮುಗಿಸಿ, ಮಾತು ಉದ್ದವಾಗುವಂತಿದ್ದರೆ ಗಿರಾಕಿಯನ್ನು ಹೊರಗೆ ಕರೆದುಕೊಂಡು ಬನ್ನಿ. ಕೈ ಕುಲುಕುವ ಬದಲು ನಮಸ್ಕಾರ ಸಾಕು, ನಮ್ಮಲ್ಲಿ ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಈಗ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಕಾರ್ಬನ್ ಡೈಆಕ್ಸೈಡ್ ಮೀಟರ್ ಸಿಗುತ್ತದೆ. ಹೊರಗಿನ ಗಾಳಿಯಲ್ಲಿ 420 ಪಿಪಿಎಂ ಆಸುಪಾಸು ತೋರಿಸುತ್ತದೆ. ಒಳಗೆ 1000 ದಾಟಿದರೆ ಬೇರೆಯವರು ಬಿಟ್ಟ ಉಸಿರನ್ನು ಸಾಕಷ್ಟು ತಗೊಳ್ಳುತ್ತಿದ್ದೀರಿ ಅಂತ. ಕೆಲಸಕ್ಕಾಗಿ ಇಂಥ ಮೇಳಗಳಿಗೆ ಮತ್ತೆ ಮತ್ತೆ ಹೋಗುವವರಿಗೆ ಅದು ಉಪಯೋಗದ ವಸ್ತು. ವರ್ಷಕ್ಕೊಮ್ಮೆ ಹೋಗುವವರಿಗೆ ಬೇಡ.

ಊಟದ ಟೆಂಟ್ ಬಗ್ಗೆ ಒಂದೇ ಮಾತು: ಮಾಸ್ಕ್ ತೆಗೆದು, ಎದುರುಬದುರು ಕೂತು, ನಗುನಗುತ್ತಾ ಅರ್ಧ ಗಂಟೆ ಕಳೆಯುವ ಜಾಗ ಅದೊಂದೇ. ಬೆಳಗ್ಗೆ ಇಡ್ಲಿ ಗಟ್ಟಿಯಾಗಿ ತಿಂದು ಹೊರಡಿ. ಒಳಗೆ ತಿನ್ನಲೇಬೇಕಾದರೆ ಕೊಂಡುಕೊಂಡು ಬಯಲಿಗೆ ಬನ್ನಿ, ಹನ್ನೊಂದೂವರೆಗೇ ತಿಂದುಬಿಡಿ.

ಈಗ ತುಂಡುಗಳನ್ನೆಲ್ಲಾ ಒಟ್ಟಿಗೆ ನೋಡಿ. ವಿಮಾನ ನೋಡುವ ಭಾಗದಲ್ಲಿ ಅಪಾಯ ತುಂಬಾ ಕಡಿಮೆ. ಬಸ್ಸು, ಮಳಿಗೆಗಳ ಹಾಲ್, ಊಟದ ಟೆಂಟ್, ಬೇರೆಯವರ ಜೊತೆಗಿನ ಕಾರು, ಈ ನಾಲ್ಕರಲ್ಲೇ ಬಹುಪಾಲು ಅಪಾಯ. ಈ ನಾಲ್ಕರಲ್ಲಿ ಮೂರನ್ನು ತೆಗೆದುಹಾಕಲು ಆಗುತ್ತದಾ? ಆಗುವುದಾದರೆ, ಮತ್ತು ಹೆಜ್ಜೆ 2ರ ಹಾಳೆಯಲ್ಲಿ ಅಪಾಯ ಇರುವವರು ಯಾರೂ ಇಲ್ಲದಿದ್ದರೆ, ನಾನಾಗಿದ್ದರೆ ಹೋಗುತ್ತಿದ್ದೆ. ಆಗದಿದ್ದರೆ ಇಲ್ಲ.

ಹೆಜ್ಜೆ 6: ಗೆರೆಯನ್ನು ಮೊದಲೇ ಎಳೆಯಿರಿ

ಹೊರಡುವ ದಿನ ಬೆಳಗ್ಗೆ ನಿರ್ಧಾರ ಮಾಡಬೇಡಿ. ಅವತ್ತು ಶೂ ಪಾಲಿಶ್ ಆಗಿರುತ್ತದೆ, ಕ್ಯಾಮೆರಾ ಚಾರ್ಜ್ ಆಗಿರುತ್ತದೆ, ಮಗಳು ಟೋಪಿ ಹಾಕಿಕೊಂಡು ಬಾಗಿಲಲ್ಲಿ ನಿಂತಿರುತ್ತಾಳೆ. ಮೂಗು ಸೋರುತ್ತಿದ್ದರೂ "ಇದು ಬರೀ ಧೂಳಿನ ಅಲರ್ಜಿ" ಅಂತ ಮನಸ್ಸು ಹೇಳುತ್ತದೆ. ಬೆಂಗಳೂರಲ್ಲಿ ಫೆಬ್ರವರಿಯಲ್ಲಿ ಅರ್ಧ ಊರಿಗೆ ಅಲರ್ಜಿ ಇರುವುದು ನಿಜ, ಅದಕ್ಕೇ ಆ ಸುಳ್ಳು ಸಲೀಸಾಗಿ ಬರುತ್ತದೆ.

ಒಂದು ವಾರ ಮುಂಚೆ ಮನೆಯವರೆಲ್ಲಾ ಕೂತು ಮೂರು ಷರತ್ತು ಬರೆದು ಫ್ರಿಜ್ ಮೇಲೆ ಅಂಟಿಸಿ. ಯಾರಿಗಾದರೂ ಜ್ವರ, ಗಂಟಲು ನೋವು, ಕೆಮ್ಮು ಬಂದರೆ ಹೋಗುವುದಿಲ್ಲ. ಸಂಖ್ಯೆ ಎರಡು ವಾರ ಸತತ ಏರಿದರೆ ಹೋಗುವುದಿಲ್ಲ. ಮೂರನೆಯದು ನಿಮ್ಮ ಮನೆಯದು, ನೀವೇ ಬರೆದುಕೊಳ್ಳಿ. ಈ ಚೀಟಿಯ ಮುಂದೆ ವಾದ ಇಲ್ಲ.

ದುಡ್ಡಿನ ಮಾತೂ ಇಲ್ಲೇ ಮುಗಿಸೋಣ. ಟಿಕೆಟ್ ಕೊಂಡ ದುಡ್ಡು ಹೋಯಿತು ಅಂತಲೇ ಅಂದುಕೊಳ್ಳಿ. ಹೋದರೂ ಅದು ವಾಪಸ್ ಬರಲ್ಲ, ಹೋಗದಿದ್ದರೂ ಬರಲ್ಲ. "ದುಡ್ಡು ಕೊಟ್ಟಿದ್ದೀನಲ್ಲ" ಅಂತ ಜ್ವರದ ಮೈ ಹೊತ್ತುಕೊಂಡು ಹೋಗುವುದಕ್ಕೆ ಅರ್ಥ ಇಲ್ಲ. ಹುಬ್ಬಳ್ಳಿಯಿಂದಲೋ ಮಂಗಳೂರಿಂದಲೋ ಬರುವವರು ರದ್ದು ಮಾಡಿದರೆ ದುಡ್ಡು ವಾಪಸ್ ಕೊಡುವ ರೂಮನ್ನೇ ಹಿಡಿಯಿರಿ, ಸ್ವಲ್ಪ ಜಾಸ್ತಿ ಆದರೂ. ಅದರ ಜೊತೆಗೆ ಒಂದು ಪ್ರಶ್ನೆ: ಇಲ್ಲಿಗೆ ಬಂದ ಮೇಲೆ ಜ್ವರ ಬಂದರೆ ಐದಾರು ದಿನ ಎಲ್ಲಿ ಇರ್ತೀರಿ? ನೆಂಟರ ಮನೆ ಅಂತ ಉತ್ತರವಾದರೆ, ಆ ನೆಂಟರನ್ನು ಮೊದಲೇ ಕೇಳಿದ್ದೀರಾ?

ಹೆಜ್ಜೆ 7: ಹೋಗುವುದೇ ಆದರೆ

ಎನ್95 ಮಾಸ್ಕ್, ಒಬ್ಬರಿಗೆ ಎರಡು. 0.3 ಮೈಕ್ರಾನ್ ಗಾತ್ರದ ಕಣಗಳಲ್ಲಿ ನೂರಕ್ಕೆ ಕನಿಷ್ಠ 95 ತಡೆಯುತ್ತದೆ, ಆದರೆ ಮೂಗಿನ ಪಕ್ಕ ಸಂದು ಇದ್ದರೆ ಆ ಸಂಖ್ಯೆಗೆ ಬೆಲೆ ಇಲ್ಲ. ಬೆವರಿಗೆ ಒದ್ದೆಯಾದರೆ ಇನ್ನೊಂದು ಹಾಕಿಕೊಳ್ಳಿ. ಬಯಲಿನಲ್ಲಿ ಹತ್ತಿರ ಯಾರೂ ಇಲ್ಲದಾಗ ತೆಗೆದು ಆರಾಮಾಗಿ ಉಸಿರಾಡಿ. ದಿನವಿಡೀ ಹಾಕಿಕೊಂಡು ಸುಸ್ತಾಗಿ, ಬಸ್ಸಿನಲ್ಲಿ ತೆಗೆದುಬಿಡುವುದಕ್ಕಿಂತ ಅದು ಒಳ್ಳೆಯದು. ನೀರು, ಟೋಪಿ, ಇಯರ್‌ಪ್ಲಗ್, ಪವರ್ ಬ್ಯಾಂಕ್. ಒಳಗೆ ಏನು ಬಿಡುತ್ತಾರೆ ಏನು ಬಿಡಲ್ಲ ಅನ್ನುವುದು ಟಿಕೆಟಿನ ನಿಯಮದಲ್ಲಿ ಇರುತ್ತದೆ, ಓದಿಕೊಳ್ಳಿ. ಬೆಳಗಿನ ಪ್ರದರ್ಶನ ನೋಡಿ, ಮಧ್ಯಾಹ್ನದ ಜನ ನುಗ್ಗುವ ಮೊದಲೇ ಹೊರಟುಬಿಡಿ. ಪೂರ್ತಿ ದಿನ ಇದ್ದರೆ ಮಾತ್ರ ದುಡ್ಡು ವಸೂಲು ಅನ್ನುವವರಿಗೆ ನನ್ನ ಹತ್ತಿರ ಔಷಧಿ ಇಲ್ಲ.

ಹೆಜ್ಜೆ 8: ಹೋಗದಿದ್ದರೆ, ನಾನು ಮಾಡಿದ ತಪ್ಪು ಮಾಡಬೇಡಿ

ನಾನು 2021ರಲ್ಲಿ ಹೋಗಲಿಲ್ಲ. ಭಾರಿ ತ್ಯಾಗ ಮಾಡಿದವನ ಹಾಗೆ ಗೆಳೆಯರಿಗೆ ಫೋನ್ ಮಾಡಿ ಹೇಳಿದೆ. "ಹಾಗಾದ್ರೆ ನಿಮ್ಮ ಟೆರೇಸಿಗೇ ಬರ್ತೀವಿ" ಅಂದರು. ನನಗೂ ಖುಷಿ. ಎಂಟು ಜನ ಬಂದರು. ಆಕಾಶದಲ್ಲಿ ಸೂರ್ಯಕಿರಣದ ವಿಮಾನಗಳೂ ಸಾರಂಗ್ ಹೆಲಿಕಾಪ್ಟರುಗಳೂ ಒಟ್ಟಿಗೆ ಕಸರತ್ತು ಮಾಡಿದ ವರ್ಷ ಅದು. ಅಮೆರಿಕದ ಸೌತ್ ಡಕೋಟದಿಂದ ಬಂದ ಬಿ-1ಬಿ ಬಾಂಬರ್ ಕೂಡಾ ಹಾರಿತ್ತು. ಟೆರೇಸಿನಲ್ಲಿ ಎಲ್ಲಾ ಚೆನ್ನಾಗಿತ್ತು. ಆಮೇಲೆ ಬಿಸಿಲು ಅಂತ ಎಲ್ಲರೂ ಕೆಳಗೆ ಬಂದರು. ಹೆಂಡತಿ ಮೆಣಸಿನಕಾಯಿ ಬಜ್ಜಿ ಮಾಡಿದ್ದಳು. ಹತ್ತು ಅಡಿ ಹದಿನಾಲ್ಕು ಅಡಿಯ ಹಾಲಿನಲ್ಲಿ, ಫ್ಯಾನ್ ಕೆಳಗೆ, ಮಾಸ್ಕ್ ಇಲ್ಲದೆ, ಒಂದೂವರೆ ಗಂಟೆ. ನಡುವೆ ಅಮ್ಮ ಬಂದು ಎಲ್ಲರನ್ನೂ ಮಾತಾಡಿಸಿಕೊಂಡು ಹೋದರು.

ನಾಲ್ಕನೆಯ ದಿನ ಒಬ್ಬನ ಫೋನ್. "ಜ್ವರ ಕಣೋ, ಟೆಸ್ಟಿಗೆ ಕೊಟ್ಟಿದ್ದೀನಿ."

ರಿಪೋರ್ಟ್ ಬರುವವರೆಗೆ ಎರಡು ರಾತ್ರಿ ನಾನು ನಿದ್ದೆ ಮಾಡಲಿಲ್ಲ. ಅಮ್ಮ ಬೇರೆ ರೂಮಿನಲ್ಲಿ. ಚೌಕಾಬಾರದ ಮನೆ ನೆಲದ ಮೇಲೆ ಚಾಕ್‌ಪೀಸಿನಲ್ಲಿ ಬರೆದದ್ದು ಹಾಗೇ ಇತ್ತು. ರಿಪೋರ್ಟ್ ನೆಗೆಟಿವ್ ಬಂತು, ಬರೀ ಮಾಮೂಲಿ ಜ್ವರ. ಆದರೆ ಬಯಲಿನ ಮೇಳಕ್ಕೆ ಹೋಗದೆ, ಆ ಮೇಳದ ಊಟದ ಟೆಂಟನ್ನೇ ನಮ್ಮ ಹಾಲಿಗೆ ತಂದಿದ್ದೆ ಅನ್ನುವುದು ಆಗ ತಲೆಗೆ ಹೋಯಿತು.

ಆದ್ದರಿಂದ ಟೆರೇಸಿನಲ್ಲೇ ನೋಡುವುದಾದರೆ ಜನ ಟೆರೇಸಿನಲ್ಲೇ ಇರಲಿ. ಬಿಸಿಲಿಗೆ ಒಂದು ಶಾಮಿಯಾನ ಬಟ್ಟೆ ಕಟ್ಟಿ. ಬಜ್ಜಿಯೂ ಮೇಲಕ್ಕೇ ಬರಲಿ. ಉಳಿದದ್ದನ್ನು ಅಲ್ಲೇ ಚೆಲ್ಲಬೇಡಿ, ಹದ್ದು ಬರುತ್ತವೆ. ಹದ್ದು ವಿಮಾನಕ್ಕೆ ಬಡಿದರೆ ಏನಾಗುತ್ತದೆ ಅಂತ ಗೊತ್ತಲ್ವಾ? 2023ರ ಪ್ರದರ್ಶನದ ಹೊತ್ತಿಗೆ ವಾಯುನೆಲೆಯ ಸುತ್ತ 10 ಕಿಲೋಮೀಟರ್ ಒಳಗೆ ಮಾಂಸದಂಗಡಿ ಮುಚ್ಚಿಸಿದ್ದೂ ಅದಕ್ಕೇ. ಡ್ರೋನ್ ಹಾರಿಸುವ ಆಸೆ ಬಂದರೆ ಅದನ್ನು ಅಲ್ಲೇ ಅದುಮಿಡಿ.

ಪ್ರದರ್ಶನದ ದಿನಕ್ಕಿಂತ ಅಭ್ಯಾಸದ ದಿನಗಳೇ ನನಗೆ ಇಷ್ಟ. ಅದೇ ವಿಮಾನ, ಅದೇ ಕಸರತ್ತು, ಜನ ಕಡಿಮೆ. ಬಳ್ಳಾರಿ ರಸ್ತೆಯಲ್ಲಿ ಹುಣಸಮಾರನಹಳ್ಳಿ ಕಡೆ ಹೆದ್ದಾರಿಯ ಪಕ್ಕ ಗಾಡಿ ನಿಲ್ಲಿಸಿ ನೋಡುವವರು ಬಹಳ. ನಾನು ಅದನ್ನು ಮಾಡಿ ಅಂತ ಹೇಳುವುದಿಲ್ಲ. ಅಲ್ಲಿ ಸೋಂಕಿಗಿಂತ ಹಿಂದಿನಿಂದ ಬರುವ ಲಾರಿ ಅಪಾಯ. ಮಕ್ಕಳಿಗೆ ವಿಮಾನವನ್ನು ಹತ್ತಿರದಿಂದ ತೋರಿಸಬೇಕು ಅನ್ನುವುದಾದರೆ, ಅಲೆ ಇಳಿದ ಮೇಲೆ ಒಂದು ವಾರದ ದಿನ ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಹೋಗಿ. ಹೊರಗಿನ ಅಂಗಳದಲ್ಲೇ ವಿಮಾನಗಳು ನಿಂತಿವೆ, ಮರಗಳಿವೆ, ನೂಕುನುಗ್ಗಲು ಇಲ್ಲ.

ಹೆಜ್ಜೆ 9: ಬಂದ ಮೇಲೆ

ಹೋಗಿಬಂದವರು ಮೊದಲ ಐದು ದಿನ ಮನೆಯ ಹಿರಿಯರ ಜೊತೆ ಒಂದೇ ರೂಮಿನಲ್ಲಿ ಇರುವಾಗ ಮಾಸ್ಕ್ ಹಾಕಿ, ಕಿಟಕಿ ತೆಗೆದಿಡಿ. ಊಟ ಬೇರೆ ಹೊತ್ತಿಗೆ ಮಾಡಿ. ಮರುದಿನವೇ ಟೆಸ್ಟ್ ಮಾಡಿಸಿ "ನೆಗೆಟಿವ್ ಬಂತು" ಅಂತ ಕುಣಿಯಬೇಡಿ. ಐದನೆಯ ದಿನದ ಹೊತ್ತಿಗೆ ಮಾಡಿಸಿ, ಲಕ್ಷಣ ಕಂಡರೆ ಅವತ್ತೇ ಮಾಡಿಸಿ. ಲಕ್ಷಣ ಕಾಣುವ ಎರಡು ದಿನ ಮೊದಲೇ ಸೋಂಕು ಹರಡಬಹುದು, ಆದ್ದರಿಂದ ಆ ವಾರ ಮದುವೆ ಊಟಕ್ಕೆ ಕೂರಬೇಡಿ. ಮುಯ್ಯಿ ಕಳಿಸಿ ಕೊಟ್ಟರೆ ಯಾರೂ ಬೈಯುವುದಿಲ್ಲ.

ಪಾಸಿಟಿವ್ ಬಂದರೆ ಅವತ್ತಿನ ದಿನ ಯಾರ ಜೊತೆ ಕಾರಿನಲ್ಲಿ ಕೂತಿರಿ, ಯಾರ ಜೊತೆ ಊಟ ಮಾಡಿದಿರಿ, ಅವರಿಗೆಲ್ಲಾ ಫೋನ್ ಮಾಡಿ. ಮೆಸೇಜ್ ಅಲ್ಲ, ಫೋನ್. ನನ್ನ ಗೆಳೆಯ ಅವತ್ತು ರಿಪೋರ್ಟಿಗೆ ಕಾಯದೆ, ಜ್ವರ ಬಂದ ಕೂಡಲೇ, ಎಂಟೂ ಜನಕ್ಕೆ ಫೋನ್ ಮಾಡಿದ್ದ. "ಬೈಕೋತೀಯೇನೋ ಅಂತ ಹೆದರ್ಕೊಂಡೇ ಮಾಡ್ದೆ" ಅಂದ. 2023ರ ಫೆಬ್ರವರಿಯಲ್ಲಿ ನಾವಿಬ್ಬರೂ ಅವನ ಕಾರಿನಲ್ಲಿ ಯಲಹಂಕಕ್ಕೆ ಹೋದೆವು, ಕಿಟಕಿ ಇಳಿಸಿಕೊಂಡು.